ರಾಮಧಾನ್ಯಚರಿತೆಯೂ ಎಡೆದೊರೆಯ ಒಕ್ಕಲೂ

ಮೋಹನತರಂಗಿಣಿ, ನಳಚರಿತ್ರೆಗಳ ಮಗ್ಗುಲಲ್ಲಿ ಇಟ್ಟು ನೋಡಿದರೆ ಕನಕದಾಸರ ರಾಮಧಾನ್ಯಚರಿತೆಯು ಗಾತ್ರದಲ್ಲಿ ಬಹು ಚಿಕ್ಕ ಗ್ರಂಥ. ಆದರೂ ಈಚಿನ ಕಾಲದಲ್ಲಿ ವಿದ್ವಾಂಸರೂ ಸಾಮಾನ್ಯ ವಾಚಕರೂ ಅದರ ಕಡೆಗೆ ತಿರುಗಿದಷ್ಟು ಆ ದೊಡ್ಡ ಕಾವ್ಯಗಳ ಕಡೆಗೆ ತಿರುಗಿಲ್ಲ. ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಅಕ್ಕಿಗೂ ರಾಗಿಗೂ ನಡೆದ ವ್ಯಾಜ್ಯದ ಮರೆಯಲ್ಲಿ ಕವಿಯು ಮೇಲುಕುಲ ಕೀಳುಕುಲಗಳ ವ್ಯಾಜ್ಯವನ್ನೇ ಹೇಳಿರುವನೆಂಬುದು ಎಲ್ಲರೂ ಒಪ್ಪಿದ ಮಾತು. ಆ ಅರ್ಥವು ಕಾವ್ಯದಲ್ಲಿ ಇದ್ದೇ ಇದೆ. ಅದನ್ನು ಅಲ್ಲಗಳೆಯಲು ಯಾವ ಆಧಾರವೂ ಇಲ್ಲ. ಆದರೆ ಆ ಒಂದು ಅರ್ಥವು ಕೈಗೆ ಸಿಕ್ಕೊಡನೆ, ಕಾಳು ಸಿಕ್ಕಿತೆಂದು ಹೊಟ್ಟನ್ನು ತೂರಿಬಿಡುವಂತೆ, ಧಾನ್ಯಗಳ ಕಥೆಯನ್ನು ತೂರಿಬಿಡುವ ರೂಢಿ ಬೆಳೆದಿದೆ. ಇಲ್ಲಿ ತೂರಿಹೋಗುತ್ತಿರುವುದು ಹೊಟ್ಟಲ್ಲ, ಕಾಳು. ರಾಮಧಾನ್ಯಚರಿತೆಯು ಮೊದಲು ಧಾನ್ಯದ ಕಾವ್ಯ. ಯಾವ ಕಾಳು ಯಾರ ಹೊಟ್ಟೆಗೆ, ಯಾವ ಕಾಲದಲ್ಲಿ, ಎಷ್ಟು ದಿನ ಆಸರೆಯಾಗುವುದೆಂಬ ವಿಚಾರವೇ ಅದರ ವಸ್ತು. ಈ ಮಾತಿನ ಸತ್ಯಾಸತ್ಯವನ್ನು ನೋಡಬೇಕಾದರೆ ಆ ಗ್ರಂಥವನ್ನು ರಾಯಚೂರಿನ ಪಡುವಣ ದಾರಿಯ ಕಲ್ಮಲದಂಥ ಒಂದು ಊರಿನ ಹೊಲಗಳನ್ನು ಮುಂದಿಟ್ಟುಕೊಂಡು ಓದಬೇಕು.

ಕಥೆಯು ಸರಳವಾದುದು. ರಾವಣನನ್ನು ಕೊಂದು ಸೀತಾಸಮೇತನಾಗಿ ಅಯೋಧ್ಯೆಗೆ ಮರಳುವ ರಾಮನು ದಾರಿಯಲ್ಲಿ ಮುನಿಗಳ ಆಶ್ರಮದಲ್ಲಿ ತಂಗುವನು. ಅಲ್ಲಿ ನಡೆದ ಆರೋಗಣೆಯ ತರುವಾಯ ಧಾನ್ಯಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆ ಏಳುವುದು. ಒಬ್ಬೊಬ್ಬರು ಒಂದೊಂದನ್ನು ಹೊಗಳುವರು. ಗೌತಮ ಮುನಿಯು ನರೆದಲೆಗವನ್ನು, ಎಂದರೆ ರಾಗಿಯನ್ನು, ಎತ್ತಿಹಿಡಿಯುವನು. ಅದನ್ನು ಕೇಳಿ ವ್ರೀಹಿಗೆ ಸಿಟ್ಟು ಬರುವುದು. ತಾನು ದೇವರ ನೈವೇದ್ಯಕ್ಕೆ, ಮಂತ್ರಾಕ್ಷತೆಗೆ, ಉತ್ತಮರ ಊಟಕ್ಕೆ ಸಲ್ಲುವ ಧಾನ್ಯವೆಂದೂ ನರೆದಲೆಗವು ಕೀಳುಜನರ ಕೂಳೆಂದೂ ಅದು ಸಭೆಯಲ್ಲಿಯೇ ಜರೆಯುವುದು. ನರೆದಲೆಗವು ಸುಮ್ಮನಿರದೆ, ಮಳೆ ಹೋದ ಕಾಲದಲ್ಲಿ ಲೋಕವನ್ನು ಕಾಯುವವರು ಯಾರೆಂದು ಮರುಪ್ರಶ್ನೆ ಹಾಕುವುದು. ಸಿರಿವಂತರ ಪಕ್ಷಪಾತಿಗೆ ಬಡವರ ಹಸಿವು ಗೊತ್ತಿಲ್ಲವೆಂದು ಎದುರಾಡುವುದು. ರಾಮನು ಆ ಗಳಿಗೆಯಲ್ಲಿ ತೀರ್ಪು ಹೇಳುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುವನು. ಅವಧಿ ಕಳೆದು ಹೊರಗೆ ತರಿಸಿ ನೋಡಿದಾಗ ವ್ರೀಹಿಯು ಸಾರಗುಂದಿರುವುದು. ನರೆದಲೆಗವು ಹೋದಂತೆಯೇ ಬಂದಿರುವುದು. ರಾಮನು ಮೆಚ್ಚಿ ತನ್ನ ರಾಘವನೆಂಬ ಹೆಸರನ್ನೇ ಅದಕ್ಕೆ ಕೊಡುವನು.

ಈ ಕಥೆಯಲ್ಲಿ ಸಹೃದಯರು ನಿಂತು ನೋಡಬೇಕಾದ ಸ್ಥಳಗಳು ಎರಡು. ಮೊದಲನೆಯದು ಧಾನ್ಯಗಳ ಸಭೆ. ನವಣೆ, ಸಾಮೆ, ಹಾರಕ ಮೊದಲಾದ ಹಲವು ಹೆಸರುಗಳು ಇಲ್ಲಿ ಬರುವುವು. ಹೆಸರುಗಳ ಸಾಲನ್ನು ಜೋಡಿಸುವುದು ಕನ್ನಡ ಕವಿಗಳಿಗೆ ಹೊಸದಲ್ಲ. ವನವರ್ಣನೆಯಲ್ಲಿ ಮರಗಳ ಪಟ್ಟಿಯನ್ನೂ ಪುರವರ್ಣನೆಯಲ್ಲಿ ಅಂಗಡಿಗಳ ಪಟ್ಟಿಯನ್ನೂ ಕಟ್ಟದ ಕವಿ ವಿರಳ. ಅವುಗಳಲ್ಲಿ ಬಹುಪಾಲು ಅಲಂಕಾರಕ್ಕಾಗಿ ಬಂದವು. ಕಿತ್ತು ಹಾಕಿದರೆ ಕಥೆಗೆ ಕೊರತೆಯಾಗದು. ಕನಕದಾಸರ ಪಟ್ಟಿ ಅಂಥದಲ್ಲ. ಕೇಳುವವರು ಹಲವರು, ಬಡಿಸುವ ಧಾನ್ಯಗಳು ಹಲವು, ಮೆಚ್ಚುಗೆಗಳೂ ಹಲವು ಎಂಬ ನೆಲೆಯಿದ್ದರೆ ಮಾತ್ರ ವ್ಯಾಜ್ಯವು ಹುಟ್ಟುವುದು. ಇದ್ದುದೊಂದೇ ಧಾನ್ಯವಾಗಿದ್ದರೆ ಯಾವುದು ಮೇಲೆಂಬ ಪ್ರಶ್ನೆಗೆ ಎಡೆಯೆಲ್ಲಿಯದು? ವೈವಿಧ್ಯವೇ ಈ ಕಾವ್ಯದ ತಳಹದಿ.

ಎರಡನೆಯದು ತೀರ್ಪಿನ ರೀತಿ. ಮಾತಿನ ಜಾಣ್ಮೆಯಿಂದ ಗೆಲ್ಲಿಸುವುದಾಗಿದ್ದರೆ ಕವಿಯು ಒಂದು ಪಕ್ಷದ ಬಾಯಲ್ಲಿ ಇನ್ನೆರಡು ಷಟ್ಪದಿಗಳನ್ನು ಹೆಚ್ಚಾಗಿ ಆಡಿಸಬಹುದಾಗಿತ್ತು. ಶಾಸ್ತ್ರಾಧಾರದಿಂದ ಗೆಲ್ಲಿಸುವುದಾಗಿದ್ದರೆ ಮುನಿಗಳು ಅಲ್ಲಿಯೇ ಇದ್ದರು. ಇವೆರಡನ್ನೂ ಬಿಟ್ಟು ಕವಿಯು ನ್ಯಾಯವನ್ನು ಕಾಲದ ಕೈಗೆ ಒಪ್ಪಿಸಿರುವನು. ಹೊಟ್ಟಿನೊಳಗಿನ ಬತ್ತವು ಆರು ತಿಂಗಳಲ್ಲಿ ಕೆಡುವುದಿಲ್ಲವಲ್ಲ ಎಂದು ಒಕ್ಕಲಿಗನೊಬ್ಬನು ಆಕ್ಷೇಪಿಸಿದರೆ ಅದು ಸರಿಯೇ. ಇಲ್ಲಿ ಕವಿಯು ಬತ್ತಕ್ಕೆ ಅಕ್ಕಿಯ ಸ್ವಭಾವವನ್ನು ಆರೋಪಿಸಿ ಸ್ವಲ್ಪ ಕವಿಸ್ವಾತಂತ್ರ್ಯ ವಹಿಸಿದ್ದಾನೆ. ಆದರೆ ತತ್ವವು ಒಕ್ಕಲಿನ ಅನುಭವದಿಂದಲೇ ಬಂದುದು. ಹುಳು ಬೀಳದೆ ವರ್ಷಗಟ್ಟಲೆ ನಿಲ್ಲುವುದು ರಾಗಿಯ ಹಿರಿಮೆ. ಸುಗ್ಗಿಯಲ್ಲಿ ಎಲ್ಲ ಧಾನ್ಯವೂ ಒಳ್ಳೆಯದೇ. ಸುಗ್ಗಿಯಾಚೆಗೆ ಆರನೆಯ ತಿಂಗಳಲ್ಲಿ ಮನೆಯಲ್ಲಿ ಉಳಿದಿರುವುದು ಯಾವುದು ಎಂಬುದೇ ಬಡವನ ಪ್ರಶ್ನೆ. ಆ ಪ್ರಶ್ನೆಯನ್ನು ರಾಮನ ಒಡ್ಡೋಲಗಕ್ಕೆ ತಂದುದೇ ಕನಕದಾಸರ ಪ್ರತಿಭೆ.

ಇನ್ನು ಕೃಷ್ಣಾ ತುಂಗಭದ್ರೆಗಳ ನಡುವಣ ಸೀಮೆಗೆ ಬರಬಹುದು. ಶಾಸನಗಳು ಎಡೆದೊರೆ ನಾಡೆಂದು ಕರೆದ ಈ ನೆಲಕ್ಕಾಗಿ ಕನಕದಾಸರ ಶತಮಾನದಲ್ಲಿಯೇ, 1520ರಲ್ಲಿ, ಕೃಷ್ಣದೇವರಾಯನೂ ಬಿಜಾಪುರದ ಆದಿಲಶಾಹನೂ ರಾಯಚೂರಿನ ಬಳಿ ಹೋರಾಡಿದರು. ಇಲ್ಲಿ ನರೆದಲೆಗದ ಸ್ಥಾನವು ಜೋಳದ್ದು. ಎರೆಭೂಮಿಯಲ್ಲಿ ಹಿಂಗಾರಿನ ಬಿಳಿಜೋಳ, ಮಸಾರಿಯಲ್ಲಿ ಸಜ್ಜೆ ನವಣೆ. ಜೋಳದ ನಡುನಡುವೆ ಕಡಲೆ, ಅಗಸೆ. ಹೊಲದ ಅಂಚಿಗೆ ಕುಸುಬೆ. ಕುಸುಬೆಯ ಮುಳ್ಳು ದನಗಳನ್ನು ತಡೆಯುವುದು, ಕಾಳು ಎಣ್ಣೆಯಾಗುವುದು. ಮುಂಗಾರಿನಲ್ಲಿ ತೊಗರಿ, ಹೆಸರು, ಅಲಸಂದಿ, ಎಳ್ಳು. ಒಂದು ಮಳೆ ತಪ್ಪಿದರೆ ಒಂದು ಬೆಳೆ ಹೋದೀತು, ಎಲ್ಲವೂ ಹೋಗದು ಎಂಬ ಲೆಕ್ಕಾಚಾರ ಇದರಲ್ಲಿತ್ತು. ಜೋಳವು ಮನುಷ್ಯನಿಗೆ ರೊಟ್ಟಿಯನ್ನೂ ಎತ್ತಿಗೆ ಕಣಿಕೆಯನ್ನೂ ಕೊಟ್ಟಿತು. ಎತ್ತು ಹೊಲಕ್ಕೆ ಗೊಬ್ಬರವನ್ನು ಕೊಟ್ಟಿತು. ಬೀಜವು ಮನೆಯದೇ. ಉಳಿದ ಜೋಳವು ಹಗೇವಿಗೆ ಇಳಿಯಿತು. ನೆಲದಡಿಯಲ್ಲಿ ಅಗೆದು, ಕಣಿಕೆ ಹೊಟ್ಟುಗಳನ್ನು ಹಾಸಿ, ಧಾನ್ಯ ತುಂಬಿ, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತುವ ಹಗೇವನ್ನು ಉತ್ತರದ ಜಿಲ್ಲೆಗಳಲ್ಲಿ ಅರಿಯದವರಿಲ್ಲ. ಕನಕದಾಸರ ಕಾವ್ಯದ ಸೆರೆಮನೆಗೆ ಇದಕ್ಕಿಂತ ಹತ್ತಿರದ ಹೋಲಿಕೆ ಬೇರೊಂದಿಲ್ಲ. ರಾಗಿಯಷ್ಟು ಕಾಲ ಜೋಳವು ನಿಲ್ಲದಿದ್ದರೂ ಕತ್ತಲೆಯಲ್ಲಿ ಮುಚ್ಚಿಟ್ಟ ಕಾಳು ಬರದ ವರ್ಷದಲ್ಲಿ ಮೇಲೆದ್ದು ಬಂದು ಊರನ್ನು ಉಳಿಸುವುದು ಇಲ್ಲಿ ಕಥೆಯಾಗಿರಲಿಲ್ಲ, ಬಾಳಿನ ಕ್ರಮವಾಗಿತ್ತು.

ಈ ಕ್ರಮವು ಭಾಷೆಯನ್ನೂ ಕಟ್ಟಿತು. ಒಡೆಯನ ಅನ್ನವನ್ನುಂಡವನು ಸಲ್ಲಿಸಬೇಕಾದ ನಿಷ್ಠೆಗೆ ಹಳಗನ್ನಡವು ಜೋಳದ ಪಾಳಿ, ಜೋಳವಾಳಿ ಎಂಬ ಹೆಸರನ್ನು ಇಟ್ಟಿತು. ವೀರರ ಪ್ರಾಣತ್ಯಾಗವನ್ನು ಹೇಳುವಾಗ ಈ ಮಾತು ಬರುವುದು. ಅನ್ನವೆಂಬ ಸಾಮಾನ್ಯ ಶಬ್ದವು ಇರುವಾಗಲೂ ಋಣದ ಭಾರವನ್ನು ಹೊರಲು ಕನ್ನಡಿಗರಿಗೆ ಜೋಳದ ಹೆಸರೇ ಬೇಕಾಯಿತು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಭೂಮಿಗೆ ಎಡೆಯಾಗಿ ಸಲ್ಲುವ ಸಜ್ಜೆಯ ಕಡುಬು, ಜೋಳದ ರೊಟ್ಟಿ, ಹಲವು ಕಾಳು ಹಲವು ಸೊಪ್ಪುಗಳ ಪಲ್ಯ ಇವೆಲ್ಲ ಆ ಹೊಲದಲ್ಲಿ ಬೆಳೆದವುಗಳ ಜೀವಂತ ಪಟ್ಟಿಯೇ ಸರಿ. ಹಬ್ಬವು ಇಂದಿಗೂ ನಡೆಯುತ್ತದೆ. ಆದರೆ ಅತ್ತ ಹತ್ತಿ, ಇತ್ತ ಬತ್ತ ಇರುವ ಊರುಗಳಲ್ಲಿ ಎಡೆಯ ಸಾಮಗ್ರಿಯನ್ನು ಅಂಗಡಿಯಿಂದ ತಂದು ಹೊಲಕ್ಕೆ ಒಯ್ಯಬೇಕಾಗಿ ಬಂದಿರುವುದು ವಿಪರೀತವಲ್ಲವೆ?

ಈ ವಿಪರೀತವು ಒಂದು ದಿನದಲ್ಲಿ ಆದುದಲ್ಲ. ತುಂಗಭದ್ರೆಯ ಅಣೆಕಟ್ಟಿನ ಕೆಲಸವು 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಹರಿಯಿತು. ಎಡದಂಡೆಯ ಕಾಲುವೆಯು ಇನ್ನೂರಕ್ಕೂ ಮಿಕ್ಕಿದ ಕಿಲೋಮೀಟರು ಸಾಗಿ ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ಹಾದು ರಾಯಚೂರಿನ ಕಡೆಗೆ ಬರುವುದು. ಯೋಜನೆಯನ್ನು ಮಾಡಿದವರು ಅದರ ನೀರಿನ ಬಹುಪಾಲನ್ನು ಜೋಳ, ಶೇಂಗಾ, ಹತ್ತಿಗಳಂಥ ಹಗುರ ನೀರಾವರಿಯ ಬೆಳೆಗಳಿಗೆ ಗೊತ್ತುಮಾಡಿದ್ದರು. ಬತ್ತಕ್ಕೆ ಸಣ್ಣ ಪಾಲು. ಅಂದರೆ ಕಾಗದದ ಮೇಲೆ ನರೆದಲೆಗದ ಪಕ್ಷಕ್ಕೇ ತೀರ್ಪಾಗಿತ್ತು. ಆದರೆ ನೆಲದ ಮೇಲೆ ಗೆದ್ದುದು ವ್ರೀಹಿ. ಕಾಲುವೆಯ ಮೇಲ್ಭಾಗದವರು ಬತ್ತ ಹಾಕಿದರು; ಕೊನೆಯಂಚಿನವರಿಗೆ ನೀರು ಬಂದರೆ ಬಂತು, ಬಾರದಿದ್ದರೆ ಇಲ್ಲ. ಮೊದಲು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯವು ಹೂಳಿನಿಂದ 105 ಟಿ.ಎಂ.ಸಿ.ಯ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ಗೇಟು ಕಳಚಿ ಕೊಚ್ಚಿಹೋದಾಗ, ನೀರನ್ನೇ ನಂಬಿದ ಒಂದೇ ಬೆಳೆಯ ಬಾಳು ಎಷ್ಟು ಸಣ್ಣ ಕೊಂಡಿಯ ಮೇಲೆ ನಿಂತಿದೆಯೆಂಬುದು ಎಲ್ಲರಿಗೂ ಕಂಡಿತು.

ಕಾಲುವೆ ಮುಟ್ಟದ ಹೊಲಗಳಲ್ಲಿ ಗೆದ್ದುದು ಹತ್ತಿ. ಬಿ.ಟಿ. ಹತ್ತಿಗೆ ಭಾರತದಲ್ಲಿ ಅನುಮತಿ ದೊರೆತುದು 2002ರಲ್ಲಿ. ಅದು ಸಂಕರದ ಬೀಜವಾದುದರಿಂದ ಪ್ರತಿ ವರ್ಷ ಕೊಳ್ಳಲೇಬೇಕು. ಮೊದಲ ವರ್ಷಗಳಲ್ಲಿ ಕಾಯಿಕೊರಕದ ಕಾಟ ತಗ್ಗಿತೆಂಬುದು ನಿಜ. ತರುವಾಯ ಗುಲಾಬಿ ಕಾಯಿಕೊರಕವು ಆ ವಿಷವನ್ನು ಜಯಿಸಿ ಹಿಂದಿರುಗಿತೆಂಬುದೂ ನಿಜ. ಆಗ ಬೀಜದ ಹಣದ ಮೇಲೆ ಸಿಂಪರಣೆಯ ಹಣವೂ ಬಿದ್ದಿತು. ಹತ್ತಿಯ ಕಡ್ಡಿಯನ್ನು ಎತ್ತು ತಿನ್ನದು. ಹತ್ತಿಯನ್ನು ಹಗೇವಿನಲ್ಲಿಟ್ಟು ಉಣ್ಣಲೂ ಬಾರದು. ಆದುದರಿಂದ ಎತ್ತು ಹೋಯಿತು, ಹಗೇವು ತುಂಬಿಲ್ಲದೆ ಮುಚ್ಚಿತು, ಕುಸುಬೆಯ ಸಾಲು ಅಳಿಯಿತು. ದೇಶದಲ್ಲಿ 1970ರ ಸುಮಾರಿಗೆ ಒಂದೂವರೆ ಕೋಟಿ ಹೆಕ್ಟೇರಿಗೂ ಮಿಕ್ಕಿದ್ದ ಜೋಳದ ಭೂಮಿಯು ಈಗ ಅರ್ಧ ಕೋಟಿಗೂ ಕಡಿಮೆಯಾಗಿದೆ.

ಇದನ್ನು ಒಕ್ಕಲಿಗನ ಆಸೆಬುರುಕುತನವೆಂದು ಬಗೆಯುವುದು ಅನ್ಯಾಯ. 2015-16ರ ಕೃಷಿ ಗಣತಿಯಂತೆ ಭಾರತದ ಹಿಡುವಳಿಗಳ ಸರಾಸರಿ ವಿಸ್ತಾರ 1.08 ಹೆಕ್ಟೇರು; ನೂರಕ್ಕೆ 86ರಷ್ಟು ಹಿಡುವಳಿಗಳು ಸಣ್ಣ ಅತಿಸಣ್ಣ ರೈತರವು. ಎರಡೂವರೆ ಎಕರೆಯ ಬಿಳಿಜೋಳವು ಮನೆಯವರ ರೊಟ್ಟಿಗೆ ಸಾಕಾದೀತು. ಮಕ್ಕಳ ಓದಿಗೆ, ಮದುವೆಗೆ, ಆಸ್ಪತ್ರೆಗೆ ಸಾಲದು. 2023-24ನೆಯ ಸಾಲಿಗೆ ಸರಕಾರವು ಗೊತ್ತುಮಾಡಿದ ಬೆಂಬಲಬೆಲೆ ಕ್ವಿಂಟಲಿಗೆ ಸಾಮಾನ್ಯ ಬತ್ತಕ್ಕೆ 2183 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3180, ಮಾಲದಂಡಿ ಜೋಳಕ್ಕೆ 3225, ರಾಗಿಗೆ 3846. ಈ ಅಂಕಿಗಳನ್ನು ಮಾತ್ರ ನೋಡಿದರೆ ನರೆದಲೆಗದ ಬಳಗವೇ ಗೆದ್ದಿದೆ. ಆದರೆ ಒಂದು ಎಕರೆಯ ನೀರಾವರಿ ಬತ್ತವು ಬೆದ್ದಲು ಜೋಳದ ಹಲವು ಮಡಿ ತೂಗುವುದು; ಕೊಳ್ಳುವವರೂ ಗಿರಣಿಗಳೂ ಬತ್ತಕ್ಕೆ ಸಿದ್ಧವಾಗಿರುವುವು. ಉಣ್ಣುವ ಕಡೆಯಲ್ಲಿಯೂ ಇದೇ ಗತಿ. 2013ರ ಆಹಾರಭದ್ರತೆಯ ಕಾಯಿದೆಯು ಕಿಲೋ ಒಂದಕ್ಕೆ ಅಕ್ಕಿಗೆ ಮೂರು, ಗೋಧಿಗೆ ಎರಡು, ಒರಟು ಧಾನ್ಯಕ್ಕೆ ಒಂದು ರೂಪಾಯಿಯೆಂದು ಬೆಲೆ ಕಟ್ಟಿತು. ಹಸಿದವರಿಗೆ ಅದು ದೊಡ್ಡ ಉಪಕಾರವೇ. ಆದರೂ ವ್ರೀಹಿಯು ಒಡ್ಡೋಲಗದಲ್ಲಿ ಆಡಿದ ಮಾತು ಐದು ಶತಮಾನಗಳ ತರುವಾಯ ಬೆಲೆಯ ಪಟ್ಟಿಯಲ್ಲಿ ಮೇಲುಕೀಳಾಗಿ ಅಚ್ಚಾದಂತೆ ತೋರುವುದು.

ಇಲ್ಲಿಗೆ ರಾಮಧಾನ್ಯಚರಿತೆಯ ಆರು ತಿಂಗಳಿನ ಅರ್ಥವು ಇನ್ನೊಂದು ಮಗ್ಗುಲಿಗೆ ಹೊರಳುವುದು. ಕಾವ್ಯದಲ್ಲಿ ಧಾನ್ಯಗಳಿಗೆ ಆರು ತಿಂಗಳ ಕಾಲಾವಕಾಶ ದೊರೆಯಿತು. ಸಣ್ಣ ರೈತನಿಗೆ ಇಲ್ಲದಿರುವುದು ಅದೇ. ಅವನು ಬಿತ್ತುವ ಮೊದಲೇ ಬೀಜ ಗೊಬ್ಬರ ಔಷಧಿಗಳನ್ನು ಉದ್ದರಿಯಾಗಿ ತಂದಿರುವನು. ಕೊಟ್ಟವನು ಅಡತಿ ಅಂಗಡಿಯವನಾದರೆ ಮಾಲು ಕಣದಿಂದ ನೇರವಾಗಿ ಅಲ್ಲಿಗೇ ಹೋಗತಕ್ಕದ್ದು. ಎಲ್ಲರ ಮಾಲೂ ಒಟ್ಟಿಗೆ ಗಂಜಿಗೆ ಬರುವ ವಾರದಲ್ಲಿ ಧಾರಣೆ ಇಳಿಯುವುದು ಸಹಜ. ಆ ವಾರದಲ್ಲಿಯೇ ಅವನು ಮಾರಬೇಕು. ಬೆಂಬಲಬೆಲೆಯ ಖರೀದಿ ಕೇಂದ್ರವು ಬಾಗಿಲು ತೆರೆಯುವ ತನಕ ಕಾಯಬಲ್ಲವನಿಗೆ ಆ ಬೆಲೆ. ಕಾಯಲಾರದವನಿಗೆ ಅದು ಪತ್ರಿಕೆಯಲ್ಲಿ ಓದುವ ಸುದ್ದಿ. ಹಗೇವು ತುಂಬಿದ್ದ ಮನೆಗೆ ಇದ್ದ ಬಲ ಜೋಳದ ಬೆಲೆಯಲ್ಲ, ಕಾಯುವ ಶಕ್ತಿ. ಬೆಳೆಗಳ ವೈವಿಧ್ಯವು ಹೋದಾಗ ಅವನು ಕಳೆದುಕೊಂಡುದು ರುಚಿಯನ್ನಷ್ಟೇ ಅಲ್ಲ, ಆರು ತಿಂಗಳನ್ನು.

ಈ ದೃಷ್ಟಿಯಿಂದ ನೋಡಿದಾಗ ಕಾವ್ಯದ ಒಂದು ಕೊರತೆಯೂ ಎದ್ದು ಕಾಣುವುದು. ರಾಮನ ಸಭೆಯಲ್ಲಿ ಮುನಿಗಳಿದ್ದಾರೆ, ಕಪಿವೀರರಿದ್ದಾರೆ, ತೀರ್ಪಿನ ಹೊತ್ತಿಗೆ ದೇವತೆಗಳೂ ನೆರೆಯುವರು. ಧಾನ್ಯಗಳೇ ಬಾಯಿಬಿಟ್ಟು ಮಾತನಾಡುವುವು. ಉಣ್ಣುವ ಬಡವರ ಹೆಸರೂ ಬರುವುದು. ಬೆಳೆದವನಿಗೆ ಮಾತ್ರ ಪಾತ್ರವಿಲ್ಲ. ಇದು ಕನಕದಾಸರೊಬ್ಬರ ದೋಷವೆಂದು ಹೇಳುವಂತಿಲ್ಲ. ಕುವೆಂಪು ಅವರ ನೇಗಿಲಯೋಗಿಯ ಹಾಡಿನಲ್ಲಿ ಇದರ ಮರುಮುಖವನ್ನು ಕಾಣಬಹುದು. ಅಲ್ಲಿ ಬೆಳೆಯುವವನೇ ನಾಯಕ. ರಾಜ್ಯಗಳು ಏಳಲಿ ಬೀಳಲಿ, ಫಲದ ಹಂಬಲವಿಲ್ಲದೆ ಉಳುವ ಕರ್ಮಯೋಗಿ. ರೈತಗೀತೆಯಾಗಿ ನಾಡೆಲ್ಲ ಹಾಡುವ ಆ ಗೀತದ ಗಾಂಭೀರ್ಯವನ್ನು ಮೆಚ್ಚದವರಾರು? ಆದರೆ ಅಲ್ಲಿ ಯೋಗಿಯಿದ್ದಾನೆ, ಅವನ ಕಾಳುಗಳ ಹೆಸರಿಲ್ಲ, ಅವನ ಸಾಲದ ಚೀಟಿಯಿಲ್ಲ. ಫಲವು ಬೆಳೆಯುವ ಮುಂಚೆಯೇ ಒತ್ತೆಯಾಗಿರುವವನಿಗೆ ಫಲಾಪೇಕ್ಷೆ ಬಿಡುವುದು ಯೋಗವಾಗಲಾರದು. ಅದು ಅವನ ಮೇಲೆ ಬಿದ್ದ ಬಲಾತ್ಕಾರ. ಒಂದು ಕೃತಿಯಲ್ಲಿ ಒಕ್ಕಲಿಗನಿಲ್ಲದ ಧಾನ್ಯ, ಇನ್ನೊಂದರಲ್ಲಿ ಧಾನ್ಯವಿಲ್ಲದ ಒಕ್ಕಲಿಗ. ಇವೆರಡನ್ನೂ ಒಂದೆಡೆ ತಂದು ಲೆಕ್ಕ ಕೇಳಿದ ಮಾತನ್ನು ಹುಡುಕಿದರೆ ಈ ಜಿಲ್ಲೆಯವರೇ ಸಿಗುವರು. ಲಿಂಗಸುಗೂರಿನ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಾಯಕವು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯುವುದು. ಗಂಡನು ಒಂದು ದಿನ ಹೆಚ್ಚಾಗಿ ತಂದಾಗ ಲಕ್ಕಮ್ಮನು ಆ ಹೆಚ್ಚನ್ನು ಮರಳಿ ಸುರಿದು ಬರಲು ಹೇಳಿದಳು. ಎಷ್ಟು ಸಾಕು ಎಂಬ ಪ್ರಶ್ನೆಯನ್ನು ಅವಳು ಬಡತನದಲ್ಲಿ ನಿಂತೇ ಕೇಳಿದಳು. ಅದೇ ಪ್ರಶ್ನೆಯನ್ನು ಮೇಲ್ಕಾಲುವೆಯ ನೀರಿಗೂ ಉದ್ದರಿಯ ಬಡ್ಡಿಗೂ ಕೇಳುವ ಕೃತಿಗಾಗಿ ಎಡೆದೊರೆಯು ಕಾದಿದೆ.

ಕಡೆಯದಾಗಿ ಹೆಸರಿನ ವಿಚಾರ. ರಾಮನು ನರೆದಲೆಗಕ್ಕೆ ರಾಘವನೆಂಬ ಹೆಸರನ್ನು ಕೊಟ್ಟಂತೆ ಈ ಕಾಲವೂ ಒಂದು ನಾಮಕರಣ ಮಾಡಿದೆ. ಕಿರುಧಾನ್ಯ, ತೃಣಧಾನ್ಯಗಳೆಂದು ಕರೆಯಿಸಿಕೊಳ್ಳುತ್ತಿದ್ದವು ಸಿರಿಧಾನ್ಯಗಳಾಗಿವೆ. ಭಾರತವು 2018ನ್ನೂ ವಿಶ್ವಸಂಸ್ಥೆಯು 2023ನ್ನೂ ಇವುಗಳ ವರ್ಷವೆಂದು ಸಾರಿದುವು. ಪಟ್ಟಣದ ಅಂಗಡಿಗಳಲ್ಲಿ ನವಣೆ ಸಾಮೆಗಳು ಸೊಗಸಾದ ಪೊಟ್ಟಣಗಳಲ್ಲಿ ಕುಳಿತಿವೆ. ಇದು ಸಂತೋಷದ ವಿಷಯವೇ. ಕೀಳೆನಿಸಿದುದಕ್ಕೆ ಮಾನ ಬಂದುದು ಕನಕದಾಸರ ಆಶಯಕ್ಕೆ ಒಪ್ಪುವ ಮಾತೇ. ಆದರೆ ಕಾವ್ಯದ ಕ್ರಮವನ್ನು ಮರೆಯಬಾರದು. ಅಲ್ಲಿ ಮೊದಲು ಕಾಲದ ಪರೀಕ್ಷೆ, ಆಮೇಲೆ ಹೆಸರು. ಇಲ್ಲಿ ಹೆಸರು ಮೊದಲು ಬಂದಿದೆ. ಕಲ್ಮಲದ ಎರಡೆಕರೆಯವನಿಗೆ ಆರು ತಿಂಗಳು ಕಾಯುವ ಅನುಕೂಲವು ಇನ್ನೂ ಬರಬೇಕಾಗಿದೆ. ಮಾಲನ್ನು ಉಗ್ರಾಣದಲ್ಲಿಟ್ಟು ಅದರ ಮೇಲೆ ಅಡಮಾನ ಸಾಲವನ್ನು ಪಡೆಯುವ ಏರ್ಪಾಡು ಕೃಷಿ ಮಾರುಕಟ್ಟೆಗಳಲ್ಲಿ ಉಂಟು. ಅದೇ ಈ ಕಾಲದ ಹಗೇವಾಗಬಲ್ಲುದು. ಆದರೆ ಹಳೆಯ ಹಗೇವು ಮನೆಯ ಅಂಗಳದಲ್ಲಿತ್ತು, ಅದಕ್ಕೆ ಅರ್ಜಿ ಬೇಕಿರಲಿಲ್ಲ. ಅದು ಊರೂರಿಗೆ ಬಂದು ಐದು ಚೀಲ ಜೋಳದವನಿಗೂ ಬಾಗಿಲು ತೆರೆದ ಹೊರತು ರಾಘವನೆಂಬ ಹೆಸರಿಗೆ ಅರ್ಥವಿಲ್ಲ.

ಸಾಹಿತ್ಯ ಸಂಘಗಳ ಕೈಯಲ್ಲಿ ಧಾರಣೆಯಿಲ್ಲ, ಕಾಲುವೆಯೂ ಇಲ್ಲ. ಅವುಗಳಿಂದ ಆಗತಕ್ಕ ಕೆಲಸ ಬೇರೆ. ಈ ಜಿಲ್ಲೆಯ ಹಿರಿಯ ಒಕ್ಕಲಿಗರ ಬಾಯಲ್ಲಿ ಜೋಳದ ತಳಿಗಳ ಹೆಸರು, ಸಾಲುಬೆಳೆಗಳ ಹೆಸರು, ಹಗೇವು ತೋಡುವ ತುಂಬುವ ಮಾತುಗಳು ಇನ್ನೂ ಉಳಿದಿವೆ. ಅವನ್ನು ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ. ರಾಮಧಾನ್ಯಚರಿತೆಯನ್ನು ಶಾಲೆಗಳಲ್ಲಿ ಪಾಠ ಹೇಳುವಾಗ ಕುಲದ ಅರ್ಥದ ಜತೆಗೆ ಈ ಹೆಸರುಗಳನ್ನೂ ಸೇರಿಸಿ ಹೇಳುವುದು ಎರಡನೆಯದು. ನವಣೆಯ ತೆನೆಯನ್ನು ಕಾಣದ ಹುಡುಗನಿಗೆ ಧಾನ್ಯಗಳ ಆ ಸಭೆಯು ಬರಿಯ ಶಬ್ದಗಳ ಸಾಲಾಗಿ ಉಳಿಯುವುದು. ಕಾವ್ಯದ ಒಂದು ಅರ್ಥವಾದರೂ ಹೊಲದಲ್ಲಿ ಬೆಳೆಯತಕ್ಕದ್ದು.